‘ಆಗಲ್ಲ’ದವರ ಗಾಲಾ

ಬ್ಯಾಂಡಿನ ಮೂವರಲ್ಲಿ ಪೋಸ್ಟರನ್ನು ಮೊದಲು ನೋಡಿದವಳು ಬೆವರ್ಲಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕ್ಲೀನರ್‌ಗಳು ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲಿಗೆ ಅದನ್ನು ಅಂಟಿಸಿದ್ದರು. ಅವಳು ಕಿತ್ತಳು, ನಾಲ್ಕಾಗಿ ಮಡಚಿದಳು, ಮಾಪು ಬಕೆಟ್ಟಿನ ಜೊತೆ ಲಿಫ್ಟಿನಲ್ಲಿ ಮೇಲಕ್ಕೆ ತಂದಳು. ಎಕ್ಸ್‌ರೇ ವಿಭಾಗದ ಹೊರಗೆ ಖಾಲಿ ಟ್ರಾಲಿ ಹಿಡಿದು ನಿಂತಿದ್ದ ಭಾಗ್ಯಶ್ರೀಯ ಎದೆಗೆ ಅದನ್ನು ಒತ್ತಿದಳು.

“ಓದು.”

ಹಳದಿ ಬಣ್ಣ, ಬಲೂನು, ನಗುವ ಸೂರ್ಯ. ‘ಮೆರಿಡಾಕ್ ಕೇರ್ ಕುಟುಂಬಕ್ಕೆ ಸ್ವಾಗತ! ಶನಿವಾರ ಮಧ್ಯಾಹ್ನ ಮೂರಕ್ಕೆ, ಎ ಗಾಲಾ! ವೇದಿಕೆಯ ಮೇಲೆ ನಿಮ್ಮದೇ ಸಹೋದ್ಯೋಗಿಗಳ ಬ್ಯಾಂಡ್, ಆಗಲ್ಲ!’ ಕೆಳಗೆ ಹತ್ತು ವರ್ಷ ಹಳೆಯ ಫೋಟೊ. ಮೂವರೂ ನಾಲಿಗೆ ಚಾಚಿದ್ದಾರೆ. ಅವತ್ತು ಚಾಚಿದ್ದು ಇಂಥ ಕಂಪನಿಗಳ ಮುಖಕ್ಕೆ. ಈ ಪೋಸ್ಟರಿನಲ್ಲಿ ಮಾತ್ರ ಐಸ್‌ಕ್ರೀಮಿಗೆ ಚಾಚಿದ ಹಾಗೆ ಕಾಣುತ್ತಿತ್ತು.

ಮೆರಿಡಾಕ್ ಕೇರ್ ಎನ್ನುವುದು, ಬರುವ ತಿಂಗಳಿನಿಂದ ಈ ಆಸ್ಪತ್ರೆಯ ನೆಲ ಒರೆಸುವವರನ್ನೂ ಟ್ರಾಲಿ ತಳ್ಳುವವರನ್ನೂ ಸಾರಾಸಗಟಾಗಿ ವಹಿಸಿಕೊಳ್ಳಲಿದ್ದ ಖಾಸಗಿ ಕಂಪನಿ. ಕೇರ್ ಎಂದರೆ ಕಾಳಜಿ ಎಂದು ಅದರ ಕರಪತ್ರ ಹೇಳುತ್ತಿತ್ತು. ಭಾಗ್ಯಶ್ರೀಗೆ ಗೊತ್ತಿದ್ದ ಕೇರುವುದೇ ಬೇರೆ. ಮೊರಕ್ಕೆ ಹಾಕಿ, ಎತ್ತೆತ್ತಿ ಹಾರಿಸಿ, ಹಗುರಾದದ್ದನ್ನು ಗಾಳಿಗೆ ತೂರಿಬಿಡುವುದು. ಇದೇ ಕಂಪನಿ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಕೇರಿ ಮುಗಿಸಿದಾಗ ಮೊರದಲ್ಲಿ ಅರ್ಧ ಜನ ಉಳಿದಿದ್ದರು. ಹಾಗಾಗಿ ಯೂನಿಯನ್ನು ಮುಷ್ಕರ ಬೇಕೋ ಬೇಡವೋ ಎಂದು ಎಲ್ಲರ ಮನೆಗೂ ಮತಪತ್ರ ಕಳಿಸಿತ್ತು. ಅಂಚೆಗೆ ಹಾಕಲು ಇನ್ನೂ ಎಂಟು ದಿನವಿತ್ತು. ಹಾಕಬೇಕೋ ಬೇಡವೋ ಎಂದು ಅಡುಗೆಮನೆಯ ಮೇಜಿನ ಮೇಲೆ ಆ ಲಕೋಟೆ ಇಟ್ಟುಕೊಂಡು ಕೂತವರ ಕಣ್ಣಿಗೆ ಈಗ ಈ ಪೋಸ್ಟರು. ಎಲ್ಲರಿಗಿಂತ ಜೋರಾಗಿ ಬೇಡ ಎಂದು ಕೂಗಿದವರೇ ಕಂಪನಿಯ ಮುಂದೆ ಕುಣಿಯುತ್ತಾರಂತೆ!

“ಬೆಳಿಗ್ಗೆ ಮೂರು ಜನ ನನಗೆ ಬೆನ್ನು ಹಾಕ್ಕೊಂಡು ಬಟ್ಟೆ ಬದಲಾಯಿಸಿದ್ರು,” ಅಂದಳು ಬೆವರ್ಲಿ. “ಇಷ್ಟು ವರ್ಷದಲ್ಲಿ ಇದೇ ಮೊದಲು. ಗುಡ್ ಮಾರ್ನಿಂಗ್ ಅಂದ್ರೆ ಗೋಡೆ ನೋಡ್ತಾರೆ. ನಾನಂತೂ ಒಪ್ಕೊಂಡಿಲ್ಲ. ನೀನು?”

“ನಾನಾ? ತಲೆ ಸರಿ ಇದೆಯಾ ನಿಂಗೆ?”

“ಹಾಗಾದ್ರೆ ಬ್ಯಾಂಡಿನಲ್ಲಿ ಉಳಿದವನು ಒಬ್ಬನೇ.”

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. “ಅನುರಾಗ್.”

* * *

‘ಆಗಲ್ಲ’ ಹುಟ್ಟಿದ್ದು ಒಂದು ಟೆಲಿಫೋನಿನಿಂದ.

ಭಾಗ್ಯಶ್ರೀಯ ತಾಯಿ ನೀಲಮ್ಮ ಹುಬ್ಬಳ್ಳಿಯಲ್ಲಿ ಡಾಕ್ಟರ್ ಓದಿ, ಬರ್ಮಿಂಗ್‌ಹ್ಯಾಮಿಗೆ ಬಂದು, ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದವರು. ಹಾರ್ಬೋರ್ನ್ ಬಡಾವಣೆಯ ಅವರ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಫೋನಿತ್ತು. ಶುಕ್ರವಾರ ಸಂಜೆ ಅದು ಬಡಿದುಕೊಂಡಿತೆಂದರೆ ಯಾರಿಗೆ ಯಾವ ಪಾಳಿ ಎಂದು ಪಟ್ಟಿ ಹಾಕುವ ರೋಟಾ ಆಫೀಸಿನವರು. ಇನ್ಯಾರೋ ಡಾಕ್ಟರಿಗೆ ಮಗಳ ನಾಟಕ, ಮತ್ಯಾರಿಗೋ ಹೆಂಡತಿಯ ಹುಟ್ಟುಹಬ್ಬ; ಈ ವಾರಾಂತ್ಯವೂ ನೀವೇ ಬರುತ್ತೀರಲ್ಲವೇ? ನೀಲಮ್ಮ ಜೇನು ಸುರಿದ ಇಂಗ್ಲಿಷಿನಲ್ಲಿ “ಯೆಸ್, ಯೆಸ್, ನಾಟ್ ಎ ಪ್ರಾಬ್ಲಂ” ಎಂದು ಫೋನಿಡುತ್ತಿದ್ದರು. ಆಮೇಲೆ, ಇಟ್ಟ ಫೋನಿಗೆ ಬೆರಳೆತ್ತಿ, ಧಾರವಾಡ ಸೀಮೆಯ ಗಂಟಲಿನಲ್ಲಿ, “ಆಗಂಗಿಲ್ಲ! ಏನಂತ ತಿಳಕೊಂಡೀರಿ ನನ್ನ? ಆಗಂಗಿಲ್ಲ ಅಂದ್ರ ಆಗಂಗಿಲ್ಲ!” ಎಂದು ಪಾತ್ರೆಗಳು ನಡುಗುವ ಹಾಗೆ ಒದರುತ್ತಿದ್ದರು. ಒದರಿ ಮುಗಿದ ಮೇಲೆ ಚೀಲ ತಗೊಂಡು ಡ್ಯೂಟಿಗೆ ಹೋಗುತ್ತಿದ್ದರು.

ಅದೇ ಮೇಜಿಗೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದ ಒಂಬತ್ತು ವರ್ಷದ ಭಾಗ್ಯಶ್ರೀಗೆ ಒಂದು ವಿಷಯ ಖಾತ್ರಿಯಾಯಿತು. ಇಂಗ್ಲಿಷಿರುವುದು ಹೂಂ ಅನ್ನುವುದಕ್ಕೆ. ಕನ್ನಡವಿರುವುದು ಫೋನಿಟ್ಟ ಮೇಲೆ ಊಹೂಂ ಅನ್ನುವುದಕ್ಕೆ.

ಹದಿನೇಳು ವರ್ಷದ ಹಿಂದೆ, ಸೆಲ್ಲಿ ಓಕ್‌ನ ಒಂದು ಬಾಡಿಗೆ ಮನೆಯಲ್ಲಿ, ಫಾರ್ಮಸಿ ಓದುವುದನ್ನು ಬಿಟ್ಟ ಭಾಗ್ಯಶ್ರೀ, ಎಂಜಿನಿಯರಿಂಗ್ ಓದುವುದನ್ನು ಬಿಡಲು ಧೈರ್ಯವಿಲ್ಲದ ಅನುರಾಗ್, ಇವರಿಬ್ಬರ ಗಲಾಟೆಯ ಮೇಲೆ ದೂರು ಹೇಳಲು ಪಕ್ಕದ ಮನೆಯಿಂದ ಬಂದು ಡ್ರಮ್ಮಿನ ಮುಂದೆ ಕೂತವಳು ಏಳದೇ ಹೋದ ಬೆವರ್ಲಿ, ಹೀಗೆ ಬ್ಯಾಂಡ್ ಆಯಿತು, ಕೂಗಿ ಬಡಿದು ಸಿಟ್ಟನ್ನೇ ಹಾಡುವ ಪಂಕ್ ಬ್ಯಾಂಡ್. ‘ಆಗಂಗಿಲ್ಲ’ ಅಂತಲೇ ಹೆಸರಿಡೋಣ, ಆದರೆ ಫೋನಿಡುವ ಮೊದಲೇ ಅನ್ನೋಣ, ಎಂದಳು ಭಾಗ್ಯಶ್ರೀ. ಅಪ್ಪ ಅಮ್ಮ ಮೈಸೂರಿನವರಾದ ಅನುರಾಗ್ ಮೆಲ್ಲಗೆ ಕೆಮ್ಮಿದ. “ಅದು ಸ್ವಲ್ಪ ಒರಟು ಕಣೇ. ‘ಆಗಲ್ಲ’ ಅನ್ನೋಣ. ಎಲ್ಲಾರ್ಗೂ ಅರ್ಥ ಆಗತ್ತೆ.” ಆ ‘ಎಲ್ಲಾರು’ ಇಡೀ ಇಂಗ್ಲೆಂಡಿನಲ್ಲಿ ಯಾರೆಂದು ಅವಳು ಕೇಳಲಿಲ್ಲ. ಕನ್ನಡ ಸಂಘಕ್ಕೆ ಹೋದಾಗ ಅವ್ವನೂ ಬೆಂಗಳೂರು ಕನ್ನಡಕ್ಕೆ ಇಳಿಯುತ್ತಿದ್ದಳಲ್ಲ, ಹಾಗೆ ಮಗಳೂ ಇಳಿದಳು. ಮೂರು ಅಕ್ಷರ, ಡ್ರಮ್ಮಿಗೆ ಮೂರು ಏಟು.

ತೊಂದರೆ ಶುರುವಾದದ್ದು ಅಲ್ಲೇ. ಇಂಗ್ಲಿಷಿನವರ ಕಿವಿಗೆ ‘ಆಗಲ್ಲ’ ಬಿದ್ದದ್ದು ‘ಎ ಗಾಲಾ’ ಎಂದು. ಗಾಲಾ ಎಂದರೆ ಅವರಲ್ಲಿ ಸಂಭ್ರಮದ ಕೂಟ, ಬಣ್ಣದ ದೀಪ, ಭರ್ಜರಿ ಊಟ. ಲೀಡ್ಸ್‌ನಲ್ಲಿ ಒಬ್ಬ ಅಜ್ಜಿ ಗರಿಯ ಹ್ಯಾಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ಪುಣ್ಯಕ್ಕೆ ಎರಡನೆಯ ಹಾಡಿಗೇ ಮೇಜು ಹತ್ತಿ ಎಲ್ಲರಿಗಿಂತ ಜೋರಾಗಿ ಕಿರುಚಿದಳು. ಮ್ಯಾಂಚೆಸ್ಟರಿನ ಒಂದು ಪತ್ರಿಕೆ ‘ಭಾಂಗ್ರಾ ಪಂಕ್’ ಎಂದು ಬರೆಯಿತು. ಭಾಂಗ್ರಾಕ್ಕೂ ನಮಗೂ ಎರಡು ಸಾವಿರ ಕಿಲೋಮೀಟರ್ ದೂರ ಎಂದು ಭಾಗ್ಯಶ್ರೀ ಕಾಗದ ಬರೆದಳು. ‘ಭಾಂಗ್ರಾ ಬ್ಯಾಂಡಿನ ಸಿಟ್ಟು’ ಎಂಬ ತಲೆಬರಹದಡಿ ಅದನ್ನೂ ಅಚ್ಚು ಹಾಕಿದರು.

ಸ್ವಂತದವರು ಕಮ್ಮಿಯೇನಲ್ಲ. ಸಂಘದ ಅಧ್ಯಕ್ಷ ದಿವಾಕರ ಅವರು ಯುಗಾದಿಗೆ ಕರೆದು, ಮೈಕ್ ಕೇಳಿದವಳಿಗೆ ಬಾಳೆ ಎಲೆ ತೋರಿಸಿದ್ದರು. “ಮೊದಲು ಪಂಕ್ತಿ, ಪಂಕ್ ಆಮೇಲೆ ನೋಡೋಣಮ್ಮ.” ಆ ‘ಆಮೇಲೆ’ ಇನ್ನೂ ಬಂದಿಲ್ಲ. ಪಂಕವೆಂದರೆ ಕೆಸರು ತಾನೇ. ಎಲೆಯ ಪಕ್ಕ ಅದನ್ನು ಯಾರು ಬಡಿಸಿಯಾರು?

ಆದರೂ ಬ್ಯಾಂಡ್ ನಡೆಯಿತು. ‘ರೋಟಾ ರೋಸಿತು’ ಮೊದಲ ಆಲ್ಬಮ್ಮು, ‘ಥೂ ಲೇಟ್’ ಎರಡನೆಯದು. ಕಾಲೇಜು ಫೀಸು ಏರಿಸಿದಾಗ, ಲೈಬ್ರರಿಗೆ ಬೀಗ ಹಾಕಿದಾಗ, ಒಂದು ಡಬ್ಬಾ ವ್ಯಾನಿನಲ್ಲಿ ಊರೂರು ತಿರುಗಿದರು. ಮಂಜು ಸುರಿಯುತ್ತಿದ್ದ ಒಂದು ಬೆಳಿಗ್ಗೆ ಲೀಡ್ಸ್‌ನಲ್ಲಿ ಮುಷ್ಕರಕ್ಕೆ ನಿಂತಿದ್ದ ನರ್ಸುಗಳು, ಅರ್ಥ ಕೇಳಿ ತಿಳಿದುಕೊಂಡು, ಮುಷ್ಟಿ ಎತ್ತಿ “ಆ! ಗ! ಲ್ಲ!” ಎಂದಾಗ ಭಾಗ್ಯಶ್ರೀಗೆ ಫಾರ್ಮಸಿ ಬಿಟ್ಟದ್ದು ಸಾರ್ಥಕ ಅನ್ನಿಸಿತ್ತು. ಹಾಡಿನಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಅವಳು ಆಸ್ಪತ್ರೆಯಲ್ಲಿ ಟ್ರಾಲಿ ತಳ್ಳಿದಳು. ಹೆಸರಲ್ಲೇ ಬೆವರಿದ್ದ ಬೆವರ್ಲಿ ಅಲ್ಲೇ ನೆಲ ಒರೆಸಿದಳು. ಅನುರಾಗ್ ಡರ್ಬಿಯಲ್ಲಿ ವಿಮಾನದ ಎಂಜಿನ್ನಿಗೆ ಬೋಲ್ಟು ಲೆಕ್ಕ ಹಾಕಿದ. ಒಂದು ಶಬ್ದ ಮಾತ್ರ ಮೂವರಿಗೂ ಸೇರಿದ ಆಸ್ತಿಯಾಗಿತ್ತು.

ಈಗ ಅದಕ್ಕೂ ಬಲೂನು ಕಟ್ಟಿದ್ದರು.

* * *

ಬುಧವಾರ ಸಂಜೆ ಅನುರಾಗ್ ರೈಲಿಳಿದು, ಬೇಸ್ ಗಿಟಾರು ಬೆನ್ನಿಗೇರಿಸಿಕೊಂಡು, ಸೆಲ್ಲಿ ಓಕ್‌ನ ಹಿತ್ತಿಲ ಗ್ಯಾರೇಜಿಗೆ ಬಂದ. ಅವರು ಅಭ್ಯಾಸ ಮಾಡುತ್ತಿದ್ದದ್ದು ಅಲ್ಲಿ. ಬಾಗಿಲಲ್ಲೇ ಭಾಗ್ಯಶ್ರೀ ಪೋಸ್ಟರು ಹಿಡಿದು ನಿಂತಿದ್ದಳು.

“ನಾನು ಒಪ್ಕೊಂಡಿಲ್ಲ ಕಣೇ! ದೇವ್ರಾಣೆ ಒಪ್ಕೊಂಡಿಲ್ಲ!”

“ಮತ್ತೆ ಏನಂದೆ ಅವ್ರಿಗೆ?”

“ಬ್ಯಾಂಡಿನ ಪೇಜಲ್ಲಿರೋ ನನ್ನ ನಂಬರಿಗೆ ಫೋನ್ ಮಾಡಿದ್ರು. ಶನಿವಾರ ಬರ್ತೀರಾ ಅಂದ್ರು. ನಾನು... ‘ಲೆಟ್ಸ್ ಸೀ’ ಅಂದೆ.”

ಭಾಗ್ಯಶ್ರೀ ಪೋಸ್ಟರನ್ನು ಅವನ ಮೂಗಿಗೆ ಹಿಡಿದಳು.

“ನೋಡೋಣ ಅಂದೆ ಕಣೇ, ಇಂಗ್ಲಿಷಲ್ಲಿ! ನೋಡೋಣ ಅಂದ್ರೆ ಏನರ್ಥ? ಆಗಲ್ಲ ಅಂತ ತಾನೇ? ಸೈಕಲ್ ಕೊಡ್ಸು ಅಂದಾಗ ಅಪ್ಪ ನೋಡೋಣ ಅಂದ್ರೆ ಆ ಸೈಕಲ್ ಕಥೆ ಅಲ್ಲಿಗೆ ಮುಗೀತು. ಆಮೇಲೆ ಯಾರಾದ್ರೂ ನೋಡಿದ್ದುಂಟಾ?”

“ಏನಂತೆ?” ಎಂದಳು ಬೆವರ್ಲಿ. ಇಂಗ್ಲಿಷಿನಲ್ಲಿ ಮಾತಾಡುವ ಅವಳಿಗೆ ಕನ್ನಡದಲ್ಲಿ ಬೈಗುಳವಷ್ಟೇ ಬರುತ್ತಿತ್ತು. ಭಾಗ್ಯಶ್ರೀ ಬಿಡಿಸಿ ಹೇಳಿದಳು: ನಮ್ಮಲ್ಲಿ ನೋಡೋಣ ಎಂದರೆ ಯಾವತ್ತೂ ನೋಡುವುದಿಲ್ಲ ಎಂದರ್ಥ.

ಬೆವರ್ಲಿ ಅನುರಾಗನನ್ನೇ ನೋಡಿದಳು. “ನನ್ನ ಜೊತೆ ಕೆಲಸ ಮಾಡೋರು ನನ್ನನ್ನ ಮೋಸಗಾತಿ ಅಂತಿದಾರೆ. ನಿನ್ನ ಮರ್ಯಾದೆಗೋಸ್ಕರ.”

“ಅವ್ರು ಆಮೇಲೆ ಮೇಲ್ ಕಳ್ಸಿದ್ರು, ಬರ್ತಿರೋದಕ್ಕೆ ತುಂಬಾ ಸಂತೋಷ ಅಂತ...”

“ನೀನು?”

“‘ಥ್ಯಾಂಕ್ಸ್’ ಅಂದೆ. ಸಂತೋಷ ಅಂದವ್ರಿಗೆ ಇನ್ನೇನನ್ನೋದು?”

ಭಾಗ್ಯಶ್ರೀಯ ಸಿಟ್ಟು ಕಿವಿಯವರೆಗೆ ಬಂತು. “ಆಗಲ್ಲ ಅನ್ನೋ ಬ್ಯಾಂಡಲ್ಲಿ ಹದಿನೇಳು ವರ್ಷ ಇದ್ದು, ಆಗಲ್ಲ ಅನ್ನೋಕೆ ಆಗಲ್ವೇನೋ ನಿಂಗೆ? ತಗೋ ಫೋನು. ಈಗ್ಲೇ ಅನ್ನು. ನನ್ನೆದುರಿಗೇ.”

ಕಂಪನಿಯ ಪ್ರಚಾರದ ಮನುಷ್ಯನ ಹೆಸರು ಜೈಲ್ಸ್. ಒಂದು ಜೈಲಲ್ಲ, ಬಹುವಚನ. ಸ್ಪೀಕರಿನಿಂದ ಅವನ ದನಿ ಬೆಣ್ಣೆಯಂತೆ ಇಳಿಯಿತು.

“ಹಾಯ್ ಜೈಲ್ಸ್,” ಅಂದ ಅನುರಾಗ್. “ಶನಿವಾರದ್ದು... ಸ್ವಲ್ಪ ಕಷ್ಟ ಆಗಬಹುದೇನೋ ಅಂತ...”

“ಕಷ್ಟವಾ! ಅದೇ ಅಲ್ಲವಾ ನಿಮ್ಮ ಸ್ಪೆಷಾಲಿಟಿ! ನಮಗೆ ಅದೇ ಬೇಕಾಗಿರೋದು!”

“ಅಲ್ಲ, ಅಂದ್ರೆ... ಪ್ರಯತ್ನ ಮಾಡ್ತೀವಿ, ಆದ್ರೂ...”

ಭಾಗ್ಯಶ್ರೀ ಫೋನು ಕಿತ್ತುಕೊಂಡಳು. “ನಾವು ಬರಲ್ಲ. ನಿಮ್ಮ ಕಂಪನಿಗೆ ಹಾಡಲ್ಲ. ನಮ್ಮ ಹೆಸರು ಕಿತ್ತು ಹಾಕಿ. ನೋ. ಇಲ್ಲ. ಆಗಲ್ಲ!”

“ವಾವ್!” ಎಂದಿತು ಫೋನು. “ಈ ಸಿಟ್ಟು ಇದೆಯಲ್ಲ, ಇದನ್ನ ಶನಿವಾರಕ್ಕೆ ಉಳಿಸಿಟ್ಕೊಳ್ಳಿ! ಸಿಬ್ಬಂದಿ ಕೈಗೆ ಬಾವುಟ ಕೊಡ್ತೀವಿ. ನೀವು ‘ಎ ಗಾಲಾ’ ಅಂದಾಗ ಎಲ್ಲಾ ಒಟ್ಟಿಗೆ ಎತ್ತಿ ಕೂಗ್ತಾರೆ. ವಿಡಿಯೋ ಸೋಮವಾರ ಎಲ್ಲರ ಫೋನಿಗೂ ಹೋಗತ್ತೆ. ಅಕಸ್ಮಾತ್ ನಿಮಗೆ ಬರೋಕಾಗದಿದ್ರೂ ಯೋಚನೆ ಮಾಡಬೇಡಿ, ನಿಮ್ಮ ರೆಕಾರ್ಡೇ ಹಾಕ್ತೀವಿ. ಪಲ್ಲವಿಯೊಂದಿದ್ರೆ ಸಾಕು!”

ಫೋನು ಕಟ್ಟಾಯಿತು. ಹದಿನೇಳು ವರ್ಷ ಗಂಟಲು ಹರಿದುಕೊಂಡು ಸಾಕಿದ ‘ಇಲ್ಲ’ವನ್ನು ಒಬ್ಬ ಮನುಷ್ಯ ಕತ್ತರಿಸಿ, ಇಸ್ತ್ರಿ ಮಾಡಿ, ‘ಹೌದು’ ಎಂದು ತೊಟ್ಟುಕೊಳ್ಳುತ್ತಿದ್ದಾನೆ. ಆ ವಿಡಿಯೋ ನೋಡಿದ ಮೇಲೆ ಅಡುಗೆಮನೆಯ ಮೇಜಿನ ಮೇಲಿನ ಲಕೋಟೆಗಳು ಅಲ್ಲೇ ಉಳಿಯುತ್ತವೆ. ಹೋಗದಿದ್ದರೂ ಹಾಡು ಅವನದೇ, ಹೋದರೂ ಅವನದೇ. ಭಾಗ್ಯಶ್ರೀಗೆ ಕೈಗೆ ಸಿಕ್ಕಿದ್ದನ್ನು ಎಸೆಯಬೇಕೆನ್ನಿಸಿ, ಸಿಕ್ಕಿದ್ದು ತನ್ನದೇ ಗಿಟಾರೆಂದು ಗೊತ್ತಾಗಿ, ಕೆಳಗಿಟ್ಟಳು.

ಅಷ್ಟರಲ್ಲಿ ಅನುರಾಗ್ ಕತ್ತಲಾದ ಫೋನಿಗೆ ಬೆರಳೆತ್ತಿದ. ಮುಖ ಕೆಂಪಾಗಿತ್ತು. “ಆಗಲ್ಲ! ಏನನ್ಕೊಂಡಿದಾನೆ ಅವ್ನು ನಮ್ಮನ್ನ? ಆಗಲ್ಲ ಅಂದ್ರೆ ಆಗಲ್ಲ!”

ಅವಳು ಅವನನ್ನು ದಿಟ್ಟಿಸಿದಳು. ಆ ಬೆರಳು ಅವಳಿಗೆ ಗೊತ್ತಿತ್ತು.

* * *

ಶನಿವಾರ ಬೆಳಿಗ್ಗೆ ಹಾರ್ಬೋರ್ನ್‌ಗೆ ಹೋದಾಗ ನೀಲಮ್ಮ ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ಮಿಕ್ಸಿಗೆ ಹಾಕಿದರೆ ರುಚಿ ಸತ್ತುಹೋಗುತ್ತದೆಂದು ಅವರ ನಂಬಿಕೆ. ಭಾಗ್ಯಶ್ರೀ ನಿಂತಲ್ಲೇ ಎಲ್ಲ ಹೇಳಿದಳು. ಕುಟ್ಟುವುದು ನಿಲ್ಲಲಿಲ್ಲ.

“ಹೆಸರಽ ಸರಿ ಇಲ್ಲ ನಿಮ್ದು,” ಅಂದರು ನೀಲಮ್ಮ.

“ಈಗ ಹೇಳಾಕತ್ತಿ ಏನವ್ವಾ?”

“ಯಾವಾಗ ಕೇಳಿದ್ದಿ? ಆಗಲ್ಲ, ಆಗಲ್ಲ. ಬಾಯಾಗ ನೀರು ತುಂಬ್ಕೊಂಡು ಬ್ಯಾಡ ಅಂದಂಗ. ಹಂಗ ಜಾರಿ ಹೋಗ್ತದ. ಅದಕ್ಕಽ ಅವ ಹಿಡಕೊಂಡಾನ. ಆಗಂಗಿಲ್ಲ ಅನ್ನು ನೋಡೂಣು. ನಡುವ ಒಂದು ‘ಗಂ’ ಐತಿ.” ಒನಕೆ ಒಂದು ಸಲ ಜೋರಾಗಿ ಬಿತ್ತು. “ಇದು ಮಾರಿಗೆ ಬಡೀತೈತಿ. ಇದನ್ನ ಯಾವ ಸಾಹೇಬನೂ ತಿರುವಾಕ ಬರಂಗಿಲ್ಲ.”

ಭಾಗ್ಯಶ್ರೀ ಬಾಯಲ್ಲೇ ಅಂದು ನೋಡಿದಳು. ಆ. ಗಂ. ಗಿ. ಲ್ಲ. ಅದರಲ್ಲಿ ಎಲ್ಲಿ ಹುಡುಕಿದರೂ ಪಾರ್ಟಿ ಇರಲಿಲ್ಲ. ಇದನ್ನಾದರೆ ಮಧ್ಯಾಹ್ನ ಅವರ ವೇದಿಕೆಯ ಮೇಲೇ ಹಾಡಬಹುದು. ಸಮಾಧಾನವಾಗಬೇಕಿತ್ತು, ಹಳೆಯ ಸಿಟ್ಟೊಂದು ಎದ್ದು ಬಂತು.

“ನೀ ಯಾಕ ಒಮ್ಮೆನೂ ಅವರಿಗೆ ಕೇಳೂಹಂಗ ಅನ್ನಲಿಲ್ಲವ್ವಾ? ಫೋನ್ ಇಟ್ಟ ಮ್ಯಾಲೇ ಯಾಕ?”

ಕುಟ್ಟುವುದು ನಿಂತಿತು. “ಅಂದಿದ್ರ ವೀಸಾ ಉಳೀತಿತ್ತೇನು? ನೀ ಕಾಲೇಜು ಮೆಟ್ಟಲ ಹತ್ತತಿದ್ದೇನು? ಹತ್ತಿ ಇಳದು ಬಂದಿ, ಅದು ಬ್ಯಾರೆ ಮಾತು.” ನೀಲಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಗೋಡೆ ನೋಡಿದರು. ಫೋನು ತೆಗೆದು ಎಷ್ಟೋ ವರ್ಷವಾದರೂ ಅದರ ಎರಡು ಮೊಳೆ ಅಲ್ಲೇ ಇದ್ದವು. “ಹಾಡೂಮುಂದ ನನಗ ಫೋನ್ ಹಚ್ಚು. ಇಡಬ್ಯಾಡ. ನಾ ಕೇಳತೇನಿ.”

* * *

ಆಸ್ಪತ್ರೆಯ ಉಪನ್ಯಾಸದ ಹಾಲ್ ಹಳದಿಯಾಗಿತ್ತು. ಹೊರಗೆ ಫುಟ್‌ಪಾತಿನ ಮೇಲೆ ಯೂನಿಯನ್ನಿನವರು ಫಲಕ ಹಿಡಿದು ನಿಂತಿದ್ದರು. ಡ್ರಮ್ಮು ಹೊತ್ತುಕೊಂಡು ಬೆವರ್ಲಿ ಬಂದಾಗ ದಾರಿ ಬಿಟ್ಟರು. ಯಾರೂ ಕೈ ಕೊಡಲಿಲ್ಲ. ಒಳಗೆ ಮ್ಯಾನೇಜರುಗಳು, ಬರಲೇಬೇಕೆಂದು ಹೇಳಿಸಿಕೊಂಡು ಬಂದ ಐವತ್ತು ಅರವತ್ತು ಕ್ಲೀನರು, ಟ್ರಾಲಿ ತಳ್ಳುವ ಪೋರ್ಟರುಗಳು, ಎಲ್ಲರ ಕೈಯಲ್ಲೂ ಒಂದೊಂದು ಕಾಗದದ ಬಾವುಟ. ಬೆನ್ನು ತಿರುಗಿಸಿದ್ದ ಆ ಮೂವರು ಬಾವುಟವನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದರು. ಜೈಲ್ಸ್ ಕ್ಯಾಮೆರಾದವನಿಗೆ ಹೆಬ್ಬೆರಳು ತೋರಿಸುತ್ತ ಓಡಾಡಿದ.

ಭಾಗ್ಯಶ್ರೀ ಅವ್ವನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ತನ್ನ ಮೈಕಿನ ಪಕ್ಕದ ಸ್ಟೂಲಿನ ಮೇಲಿಟ್ಟಳು. ಬೆವರ್ಲಿ ಕೋಲು ಬಡಿದು ಎಣಿಸಿದಳು.

ಪಲ್ಲವಿ ಬಂತು. ಪರದೆಯ ಮೇಲೆ ‘ಎ ಗಾಲಾ!’ ಹೊಳೆಯಿತು. ಮುಂದಿನ ಸಾಲಿನ ಬಾವುಟಗಳೆದ್ದವು. “ಎ ಗಾ...”

“ಆ! ಗಂ! ಗಿ! ಲ್ಲ!”

ಭಾಗ್ಯಶ್ರೀಯ ‘ಗಂ’ ಬಿದ್ದಲ್ಲಿ ಬೆವರ್ಲಿ ಎರಡೂ ಕೋಲು ಸೇರಿಸಿ ದೊಡ್ಡ ಡ್ರಮ್ಮಿಗೆ ಬಾರಿಸಿದಳು. ಒಂದು ವಾರದ ಗೋಡೆ ನೋಡುವಿಕೆಯೆಲ್ಲ ಅದರಲ್ಲಿತ್ತು. ಮ್ಯಾನೇಜರುಗಳ ‘ಗಾಲಾ’ ಅರ್ಧಕ್ಕೇ ಮುಗ್ಗರಿಸಿತು. ಬಾವುಟಗಳು ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ತಿಳಿಯದೆ ನಡುವೆ ನಿಂತವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲಕ್ಕೆ ತೊಡೆಯ ಕೆಳಗೆ ಬಾವುಟವಿಟ್ಟುಕೊಂಡಿದ್ದ ಹೆಂಗಸೊಬ್ಬಳು, ಅರ್ಥ ಗೊತ್ತಿಲ್ಲದಿದ್ದರೂ, ‘ಗಂ’ ಬಂದ ಕಡೆ ಬೂಟುಗಾಲಿನಿಂದ ನೆಲ ಒದ್ದಳು. ಒದೆಯುವ ಸದ್ದು ಯಾವ ಭಾಷೆಯಲ್ಲೂ ಒಂದೇ. ನಾಲ್ಕನೆಯ ಸಲ ಇಡೀ ಸಾಲು ಒದೆಯಿತು. ಯಾರೋ ಫುಟ್‌ಪಾತಿನ ಕಡೆಯ ಬಾಗಿಲು ತೆರೆದರು.

ಜೈಲ್ಸ್ ಕೈ ಬೀಸಿ ಧ್ವನಿವರ್ಧಕದ ವೈರು ಕೀಳಿಸಿದ. ಒಂದು ಮೈಕು ಮಾತ್ರ ಬೇರೆ ವೈರಿನಲ್ಲಿತ್ತು, ಅನುರಾಗನದು. ಜೈಲ್ಸ್ ನೇರ ಅಲ್ಲಿಗೇ ಬಂದ. ಮೂವರಲ್ಲಿ ಸಂಭಾವಿತ ಯಾರೆಂದು ಅವನಿಗೂ ಗೊತ್ತಿತ್ತು.

“ಅನುರಾಗ್, ಅನುರಾಗ್,” ಎಂದ, ಹೆಗಲ ಮೇಲೆ ಕೈಯಿಟ್ಟು. “ಒಂದೇ ಒಂದು ಸಲ, ಹಳೇ ಥರ. ಕ್ಯಾಮೆರಾಗಷ್ಟೇ. ಎಷ್ಟು ಒಳ್ಳೆಯವರು ನೀವು. ಆಗತ್ತಲ್ವಾ?”

ಬೆವರ್ಲಿ ಕೋಲು ಎತ್ತಿದವಳು ಹಾಗೇ ಉಳಿದಳು. ಬಾಗಿಲಲ್ಲಿ ಫಲಕ ಹಿಡಿದವರು ಇಣುಕಿದರು. ಅನುರಾಗನ ಹಣೆಯ ಮೇಲೆ ನೀರು. ಗಾಬರಿಯಾದಾಗ ಅವನ ಬಾಯಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಅಪ್ಪನ ಬಾಯಿಂದ ಬಂದದ್ದೇ ಬರುತ್ತಿತ್ತು. ಅವನ ತುಟಿ ದುಂಡಗಾಗುವುದನ್ನು ಭಾಗ್ಯಶ್ರೀ ನೋಡಿದಳು. ಮುಗಿಯಿತು, ಎಂದುಕೊಂಡಳು. ಗಿಟಾರಿನ ಕುತ್ತಿಗೆ ಬಿಗಿಯಾಗಿ ಹಿಡಿದಳು, ಯಾಕೆಂದರೆ ಈ ಸಲ ಎಸೆಯುವುದೇ.

“ನೋ...” ಎಂದ ಅನುರಾಗ್, ಮೈಕಿನಲ್ಲಿ.

ಅವಳು ‘ಡೋಣ’ಕ್ಕೆ ಕಾದಳು.

ಅದು ಬರಲಿಲ್ಲ. ಏನನ್ನೋ ನುಂಗಿದ.

“ಏನಂದ್ರಿ?” ಅಂದ ಜೈಲ್ಸ್.

“ನೋ,” ಅಂದ ಅನುರಾಗ್. ಅಷ್ಟೇ ಅಂದ. ಹೆಗಲ ಮೇಲಿದ್ದ ಕೈಯನ್ನು ಎರಡು ಬೆರಳಲ್ಲಿ ಎತ್ತಿ, ಅದರ ಒಡೆಯನಿಗೇ ವಾಪಸು ಕೊಟ್ಟ.

ಸ್ಟೂಲಿನ ಮೇಲಿಂದ ಒಂದು ದನಿ ಬಂತು. ವೈರು ಬೇಕಾಗದ ದನಿ, ಪಾತ್ರೆಗಳನ್ನು ನಡುಗಿಸಿ ಅಭ್ಯಾಸವಿದ್ದದ್ದು.

“ಯಾರವ, ಮೈಸೂರ ಹುಡುಗನೇನು? ಅಷ್ಟು ಮೆಲ್ಲಕ ಅಂದ್ರ ಯಾರಿಗೆ ಕೇಳಬೇಕಪಾ? ಪೂರಾ ಅನ್ನು. ನಾ ಫೋನ್ ಇಟ್ಟಿಲ್ಲ.”

ಅನುರಾಗ್ ಭಾಗ್ಯಶ್ರೀಯ ಕಡೆ ನೋಡಿದ. ಆಮೇಲೆ ಜೈಲ್ಸ್‌ನ ಮುಖಕ್ಕೆ ಬೆರಳೆತ್ತಿ, ಮೈಕಿಗೆ ಬಾಗಿ, ಧಾರವಾಡ ಎಲ್ಲಿದೆಯೆಂದು ನಕ್ಷೆಯಲ್ಲಷ್ಟೇ ನೋಡಿದ್ದ ಮೈಸೂರು ನಾಲಿಗೆಯಲ್ಲಿ ‘ಆ’ ಎಂದು ಶುರು ಮಾಡಿದ.

‘ಗಂ’ ಬರುವಷ್ಟರಲ್ಲಿ ಬೆವರ್ಲಿಯ ಕೋಲು ಕೆಳಗಿಳಿದಿತ್ತು.